ದಕ್ಷಿಣ ಗೋಡೆಯ ತಗ್ಗು ಕಿಟಕಿ

ಕಮಲಾಪುರದ ಆಚೆ ನನ್ನ ತಾಯಿಯ ಊರಿನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರು ಕಟ್ಟಿಸಿದ ಚಿಕ್ಕ ಚರ್ಚಿದೆ. ಒಳಗೆ ಬೆಂಚುಗಳಿಲ್ಲ; ಚಪ್ಪಲಿ ಹೊರಗೆ ಬಿಟ್ಟು, ಫರಸಿ ಕಲ್ಲಿನ ಮೇಲೆ ಜಮಖಾನ ಹಾಸಿ ಕೂರುತ್ತಾರೆ. ಕಿಟಕಿಗಳನ್ನು ನೋಡಿದರೆ, ಪಾದ್ರಿ ಕೇಳಿದ್ದು ತಮ್ಮ ಊರಿನ ಕಮಾನು, ಗವಂಡಿ ಕಟ್ಟಿಕೊಟ್ಟದ್ದು ಕಲಬುರಗಿ ಕೋಟೆಯ ಮಸೀದಿಯಲ್ಲಿ ಕಂಡ ಕಮಾನು ಅನಿಸುತ್ತದೆ. ಅನಿಸುತ್ತದೆ ಅಷ್ಟೆ.

ದುರಸ್ತಿಗೆ ಮುನ್ನ ಚರ್ಚಿನ ಸಭೆಯ ಹಿರಿಯರು ಕಲಬುರಗಿಯ ನನ್ನ ಮನೆಗೆ ಬಂದರು. ನಾನು ಇತಿಹಾಸ ಓದಿದವನು. ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು ಎಂದು ಬರೆದುಕೊಟ್ಟರೆ, ಸೇರಿದ್ದನ್ನು ತೆಗೆದು ಮೊದಲಿನಂತೆ ಮಾಡುತ್ತೇವೆ ಎಂದರು. ಎರಡು ಶನಿವಾರ ಟೇಪು ಹಿಡಿದು ಅಳೆದೆ. ದಕ್ಷಿಣ ಗೋಡೆಯಲ್ಲಿ, ಉಳಿದವುಗಳಿಗಿಂತ ಬಹಳ ತಗ್ಗಿನಲ್ಲಿ, ಕಮಾನಿಲ್ಲದ ಒಂದು ಕಿಟಕಿಯಿತ್ತು. ಸಭೆಯ ಹಳೆಯ ನಕ್ಷೆಯಲ್ಲಿ ಅದಿರಲಿಲ್ಲ. ‘ನಂತರ ಗೋಡೆ ಒಡೆದು ಇಟ್ಟದ್ದು, ಮುಚ್ಚಬಹುದು’ ಎಂದು ಬರೆದೆ.

ಆಗ ಏನೂ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ, ತಾಯಿಯ ಅಕ್ಕ ದೊಡ್ಡವ್ವನ ತೊಡೆಯಲ್ಲಿ ಮಲಗಿ ಒಳಗಿನ ಹಾಡು ಕೇಳಿದ್ದೆ. ಅವಳನ್ನು ಊರಲ್ಲೇ ಚರ್ಚಿಗೆ ಹೋಗದ ಮನೆಗೆ ಕೊಟ್ಟಿದ್ದರು; ಚರ್ಚಿನ ಹೊಸ್ತಿಲು ದಾಟುವುದಿಲ್ಲವೆಂದು ಅತ್ತೆಗೆ ಮಾತು ಕೊಟ್ಟಿದ್ದಳು. ಅಂಥ ಹೆಣ್ಣುಮಕ್ಕಳು ಭಾನುವಾರ ಅಲ್ಲಿ ಕೂರುತ್ತಿದ್ದರು. ಆದರೆ ಐದು ವರ್ಷದವನ ನೆನಪು ಆಧಾರವಾಗುವುದು ಹೇಗೆ? ನಕ್ಷೆಯನ್ನು ನಂಬಿದೆ. ಆ ಎರಡೂ ಶನಿವಾರ ದೊಡ್ಡವ್ವನ ಮನೆಯಲ್ಲೇ ರೊಟ್ಟಿ ತಿಂದೆ. ಈಗಲೂ ಅಲ್ಲಿ ಕೂರುತ್ತೀಯಾ ಎಂದು ಒಂದು ಮಾತು ಕೇಳಲಿಲ್ಲ.

ದುರಸ್ತಿ ಮುಗಿದ ಮೊದಲ ಭಾನುವಾರ ಹೋದೆ. ಮೇಲಿನ ಕಿಟಕಿಗಳಿಗೆ ಹೊಸ ಗಾಜು ಹಾಕಿದ್ದರು. ದಕ್ಷಿಣದ ಗೋಡೆ ಬೆಳ್ಳಗೆ, ನುಣ್ಣಗೆ ಇತ್ತು. ಹೊರಗಿನ ಕಟ್ಟೆಯ ಮೇಲೆ, ಅದಕ್ಕೆ ಬೆನ್ನು ಕೊಟ್ಟು ದೊಡ್ಡವ್ವ ಒಬ್ಬಳೇ ಕೂತಿದ್ದಳು.

“ಹಾಡು ಕೇಳಸವಲ್ದು ತಮ್ಮಾ. ಕಿಡಕಿ ಮುಚ್ಚರೀ ಅಂತ ಯಾವನೋ ಸಾಲಿ ಕಲ್ತವ ಬರದು ಕೊಟ್ಟಾನಂತ. ನಮ್ಮೂರಿಂದು ಅವಗೇನು ಗೊತ್ತಿರ್ತದ, ಬಿಡು.”

ಅವಳಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಹಾಗಂದಳೋ, ಇವತ್ತಿಗೂ ತಿಳಿಯದು. ಅತ್ತೆ ತೀರಿಹೋಗಿ ಎಷ್ಟೋ ವರ್ಷವಾಯಿತು, ಒಳಗೆ ಬಾ ಎಂದೆ.

“ಈಗ ಹೋದ್ರ, ಅತ್ತಿ ಸಾಯೋದೇ ಕಾಯಾಕತ್ತಿದ್ಲು ಅಂತಾರ ಮಂದಿ,” ಎಂದು ನಕ್ಕಳು.

ನಾನೂ ಕಟ್ಟೆ ಹತ್ತಿದೆ. ಪಕ್ಕದಲ್ಲಿ ಕೂತೆ. ಒಳಗೆ ಹಾಡು ಶುರುವಾಗಿರಬೇಕು. ಗೋಡೆಗೆ ಕಿವಿ ಹಚ್ಚಿದಾಗ ತಬಲಾ ಮಾತ್ರ ಕೇಳಿಸಿತು.