ಆರು ಮನೆಯ ಬಸಿಲಿಸಜ್ಜಿ

ಗುಡ್ಡದ ಮೇಲಿನ ವಾಲ್ದೆಕೋರ್ಸಾದಲ್ಲಿ ಇರುವುದು ಆರು ಮನೆ. ಆರಕ್ಕೂ ಬಸಿಲಿಸಜ್ಜಿ ಒಬ್ಬಳೇ. ಕಮ್ಮಾರರ ಮನೆ ಅವಳ ತವರು, ಗಿರಣಿ ಮನೆ ಸತ್ತ ಗಂಡನದು. ಉಳಿದ ನಾಲ್ಕು ಮನೆಯವರು ಪೇಟೆ ಸೇರುವಾಗ ಬೀಗದ ಕೈ ಅವಳಿಗೆ ಕೊಟ್ಟುಹೋದರು.

ಅಲ್ಲಿನ ಸಂತ ಪೆಲಾಯೊನ ಕಲ್ಲಿನ ಇಗರ್ಜಿಗೆ ಎಂಟುನೂರು ವರ್ಷ. ಹಬ್ಬದ ದಿನ ಪಾದ್ರಿ ಬಾಗಿಲಲ್ಲಿ ನಿಂತು ಒಂದೊಂದೇ ಮನೆಯ ಹೆಸರು ಕೂಗುತ್ತಾರೆ. ಆ ಮನೆಯವರು, ಇಲ್ಲವೇ ಅದರ ಬೀಗದ ಕೈ ಇಟ್ಟುಕೊಂಡವರು ‘ಇದ್ದೇವೆ’ ಎನ್ನಬೇಕು. ಮೂರು ಕೂಗಿಗೂ ಒಂದು ಮನೆ ಓಗೊಡದಿದ್ದರೆ ಸಂತನ ಮೂರ್ತಿ ಕೆಳಗಿರುವ ನಮ್ಮೂರಿನ ಪಾಲು. ಅದಕ್ಕೆಂದೇ ನಾವು ಪ್ರತಿವರ್ಷ ಪಲ್ಲಕ್ಕಿ ಹೊತ್ತು ಗುಡ್ಡ ಹತ್ತುತ್ತೇವೆ, ಖಾಲಿ ಇಳಿಯುತ್ತೇವೆ.

ಕಮ್ಮಾರರು ಯಾವ ಕಾಲದಲ್ಲೋ ಗಿರಣಿ ಕಾಲುವೆಯಲ್ಲಿ ಹಂದಿ ತೊಳೆದಿದ್ದರಂತೆ. ಅಂದಿನಿಂದ ಎರಡು ಮನೆಗೂ ಎಣ್ಣೆ-ಸೀಗೇಕಾಯಿ. ಹಬ್ಬದಲ್ಲಿ ಕಮ್ಮಾರರು ಬಾಗಿಲ ಎಡಕ್ಕೆ, ಗಿರಣಿಯವರು ಬಲಕ್ಕೆ ನಿಲ್ಲುವುದು ಕಟ್ಟುಪಾಡು; ಉಳಿದವರು ಎಲ್ಲಿ ನಿಂತರೂ ನಡೆಯುತ್ತದೆ. ಗಂಡ ಹೋದ ಮೇಲೆ ಅಜ್ಜಿ ಎಡಕ್ಕೆ ನಿಂತು ಓಗೊಟ್ಟು, ಬಲಕ್ಕೆ ಓಡಿ ಮತ್ತೆ ಓಗೊಡುತ್ತಿದ್ದಳು. ಬಲಕ್ಕೆ ಬಂದವಳು ತಾನು ಈಗಷ್ಟೇ ನಿಂತಿದ್ದ ಜಾಗದತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಒಂದು ವರ್ಷ ಚೆರ್ರಿ ಮರದಿಂದ ಬಿದ್ದು ಕಾಲು ಮುರಿದುಕೊಂಡಳು. ಹಬ್ಬಕ್ಕೆ ಎಡಗಡೆ ಕುರ್ಚಿ ಹಾಕಿ ಕೂತಳು. ಐದು ಮನೆಗೆ ಓಗೊಟ್ಟಳು. ಪಾದ್ರಿ ಗಿರಣಿ ಮನೆಯನ್ನು ಕೂಗಿದರು. ಅಜ್ಜಿ ಏಳಲು ನೋಡಿದಳು, ಆಗಲಿಲ್ಲ. ಸಂತನೂ ಹೋದರೆ ಅವಳಿಗೆ ಉಳಿಯುತ್ತಿದ್ದುದು ಆರು ಬೀಗ ಮಾತ್ರ.

ಎರಡು ಮನೆ ರಾಜಿಯಾದರೆ ಕೂತಲ್ಲಿಂದಲೇ ಹೇಳಬಹುದು ಎಂದರು ಪಾದ್ರಿ.

“ಗಿರಣಿಯೋರು ಕ್ಷಮಿಸೋಕೆ ತಯಾರು, ಫಾದರ್. ಕಮ್ಮಾರ್ರು ತಪ್ಪಾಯ್ತು ಅನ್ನಬೇಕಲ್ಲ.”

“ಕಮ್ಮಾರ್ರೂ ನೀವೇ ಅಲ್ವೇನಮ್ಮ?”

“ಅದಕ್ಕೇ ಹೇಳ್ತಿರೋದು. ಅವರನ್ನ ಹುಟ್ಟಿದಾಗಿಂದ ಬಲ್ಲೆ. ತಪ್ಪಾಯ್ತು ಅನ್ನೋ ಜನ ಅಲ್ಲ.”

ಪಾದ್ರಿ ಎರಡನೆಯ ಸಲ ಕೂಗಿದರು. ನಮ್ಮ ಫುಲ್ಖೆನ್ಸಿಯೊ ಮಾವ ಆಗಲೇ ಊರಲ್ಲಿ ಸಂತನಿಗೆಂದು ಗೂಡು ಕಟ್ಟಿಸಿ ಸುಣ್ಣ ಬಳಿಸಿದ್ದ. ಅವನೇ ಟೋಪಿ ತೆಗೆದು, “ಕಾಲು ಮುರಿದೋಳ ಮೇಲೆ ಗೆದ್ದು ಊರಿಗೆ ಏನಂತ ಹೇಳೋದು? ಎತ್ರೋ” ಎಂದ.

ಕುರ್ಚಿಸಮೇತ ಅಜ್ಜಿಯನ್ನು ಪಲ್ಲಕ್ಕಿಗೇರಿಸಿ ನಾಲ್ವರು ಬಾಗಿಲ ಬಲಕ್ಕೆ ಹೊತ್ತೆವು.

“ಹಿಂದಿನೋನು ಕುಂಟ್ತಿದ್ದಾನೆ. ಸಂತನ್ನೂ ಹಿಂಗೇ ಹೊರ್ತಿದ್ರೇನೋ?” ಎಂದಳು ಮೇಲಿನಿಂದ.

ಮೂರನೆಯ ಕೂಗಿಗೆ ಬಲಗಡೆಯಿಂದ ಸ್ಪಷ್ಟವಾಗಿ ಬಂತು: “ಇದ್ದೇವೆ.”

ಇದಾಗಿ ಒಂಬತ್ತು ಹಬ್ಬ ಕಳೆದಿವೆ. ಕಾಲು ಮರುವರ್ಷಕ್ಕೇ ಕೂಡಿತು. ಮೇಕೆ ಅಟ್ಟಿಕೊಂಡು ಹಳ್ಳ ಜಿಗಿಯುವುದನ್ನು ಎಲ್ಲರೂ ಕಂಡಿದ್ದೇವೆ. ಹಬ್ಬದ ದಿನ ಮಾತ್ರ ಕುರ್ಚಿಯಲ್ಲಿ ಕೂತು ನಮ್ಮ ದಾರಿ ಕಾಯುತ್ತಾಳೆ. ನಾವೂ ಕಾಲಿನ ಮಾತೆತ್ತದೆ ಹೆಗಲು ಕೊಡುತ್ತೇವೆ.