ರಾಗಿ ಹುಲ್ಲಿನ ತಿರುವು

ಎಂಬತ್ತರ ದಶಕದ ಕೊನೆಯಲ್ಲಿ ನಾನು ದಿಬ್ಬೂರಹಳ್ಳಿ ಕಡೆಯ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದೆ. ಐದು ಹಳ್ಳಿಗಳ ಹೆರಿಗೆ, ಚುಚ್ಚುಮದ್ದು ನನ್ನ ಕೆಲಸ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ನೀವಿಬ್ಬರೂ ಈಗ ಬೈಕ್ ಕಲಿಯುತ್ತಿದ್ದೀರಿ ಎಂದು ನಿಮ್ಮಮ್ಮ ಹೇಳಿದಳು. ಎದುರಿಗೆ ಕೂತು ಹೇಳಲು ನನಗೆ ಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ರಾಗಿ ಸುಗ್ಗಿಯ ಕಾಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಪಕ್ಕದ ಹಳ್ಳಿಯ ನಾರಾಯಣಪ್ಪ ಮೋಟಾರ್ ಸೈಕಲ್ ತಂದು ನಿಲ್ಲಿಸಿದ. ಗಾಡಿ ಕೊಂಡು ತಿಂಗಳೂ ಆಗಿರಲಿಲ್ಲ.

“ಬೇಗ ಬನ್ನಿ ನರ್ಸಮ್ಮ. ನನ್ ಹೆಂಡ್ತಿ ಲಕ್ಷ್ಮಿಗೆ ನೋವು ಶುರುವಾಗೈತೆ. ಮಗು ಕಾಲು ಮುಂದು ಮಾಡ್ಕೊಂಡೈತಂತೆ, ಸೂಲಗಿತ್ತಿ ನನ್ ಕೈಲಾಗಲ್ಲ ಅಂತಾವ್ಳೆ.”

ಎರಡೂ ಕಾಲು ಎಡ ಪಕ್ಕಕ್ಕೆ ಹಾಕಿ ಕೂತೆ. ಹೆರಿಗೆ ಸಾಮಾನಿನ ಪೆಟ್ಟಿಗೆಯನ್ನು ಇಬ್ಬರ ನಡುವೆ ಇಟ್ಟುಕೊಂಡೆ. ಗಂಡನಿಲ್ಲದವಳು ಪರಗಂಡಸಿನ ಹೆಗಲು ಹಿಡಿದು ಹೋದಳೆಂದು ಊರು ಆಡಬಾರದಲ್ಲ. ಅವನು ಜೋರಾಗಿ ಓಡಿಸಿದ. ನಿಧಾನ ಎನ್ನುವ ಮಾತು ಬಾಯಿವರೆಗೆ ಬಂತು, ಅನ್ನಲಿಲ್ಲ.

ಕೆರೆ ಏರಿ ಮುಗಿದು ರಸ್ತೆ ಬಲಕ್ಕೆ ತಿರುಗುವಲ್ಲಿ, ಬಸ್ಸು ಲಾರಿ ತುಳಿದು ಕಾಳು ಉದುರಲೆಂದು ರಾಗಿ ತೆನೆಯನ್ನು ಹುಲ್ಲಿನ ಸಮೇತ ಹರಡಿದ್ದರು. ತಿರುವಿನ ನಡುವೆ ಅದನ್ನು ಕಂಡ ನಾರಾಯಣಪ್ಪ ಬ್ರೇಕ್ ಒತ್ತಿದ. ಗಾಡಿ ಬಲಕ್ಕೆ ವಾಲಿತ್ತು. ಬೆನ್ನ ಕಡೆಗೆ ಬಿದ್ದೇನೆಂಬ ಭಯಕ್ಕೆ ನಾನು ಎಡಕ್ಕೆ ವಾಲಿದೆ. ಮುಂದಿನ ಚಕ್ರ ಹುಲ್ಲಿನ ಮೇಲೆ ಜಾರಿತು.

ನಮಗೆ ಆದದ್ದು ತರಚು ಗಾಯ ಮಾತ್ರ. ಹ್ಯಾಂಡಲ್ ಸೊಟ್ಟಗಾಗಿತ್ತು. ಉಳಿದ ಎರಡು ಮೈಲಿ ನಡೆದೆವು. ಹೋಗುವಷ್ಟರಲ್ಲಿ ಮಗುವಿನ ಮೈ ಹೊರಬಂದು ತಲೆ ಒಳಗೇ ಸಿಕ್ಕಿಕೊಂಡಿತ್ತು. ಹೊರಗೆ ತೆಗೆದೆ. ಗಂಡು ಮಗು. ಅಳಲಿಲ್ಲ. ತಾಯಿ ಉಳಿದಳು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ.

ಆ ಗಾಡಿ ರಿಪೇರಿ ಮಾಡಿದ ಬಾಷಾ ಸಾಬರನ್ನು ಹುಡುಕಿಕೊಂಡು ಚಿಂತಾಮಣಿಗೆ ಹೋದೆ. ನಾನು ಕೂತ ಬಗೆ ಹೇಳಿ, ಯಾಕೆ ಬಿದ್ದೆವೆಂದು ಕೇಳಿದೆ.

“ಬ್ರೇಕು ತಿರುವಿಗೆ ಮುಂಚೆ ಹಿಡೀಬೇಕಮ್ಮ, ತಿರುವಿನಾಗೆ ಅಲ್ಲ. ಕಣ್ಣು ಹೋಗೋ ದಾರಿ ಮೇಲಿರ್ಬೇಕು. ಹಿಂದೆ ಕೂತೋರು ಗಾಡಿ ಎತ್ತ ವಾಲ್ತದೋ ಅತ್ತಲೇ ವಾಲ್ಬೇಕು. ನೀವು ಮರ್ಯಾದೆ ಅಂತ ದೂರ ಕೂತ್ರೆ ಗಾಡಿಗೇನಮ್ಮ ಗೊತ್ತಾಗ್ತದೆ?”

ಎರಡು ವರ್ಷದ ಮೇಲೆ, ಅದೇ ಸುಗ್ಗಿ ಕಾಲದಲ್ಲಿ, ಲಕ್ಷ್ಮಿಗೆ ನೋವೆಂದು ನಾರಾಯಣಪ್ಪ ಮತ್ತೆ ಬಂದ. ಈ ಸಲ ಪೆಟ್ಟಿಗೆಯನ್ನು ಹಿಂದಕ್ಕೆ ಕಟ್ಟಿಸಿದೆ.

“ನಿನ್ ಹೆಗಲು ಹಿಡ್ಕೊಂತೀನಪ್ಪ. ಏರಿ ಮುಗಿಯೋಕೆ ಮುಂಚೇನೇ ನಿಧಾನ ಮಾಡು.”

ತಿರುವಿನಲ್ಲಿ ಹುಲ್ಲು ಇದ್ದೇ ಇತ್ತು. ತೆನೆ ಹರಡುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ನಾನು ಕೈ ತೆಗೆಯಲಿಲ್ಲ. ಅವನು ಗಾಡಿ ನಿಲ್ಲಿಸಿ, “ಇಳಿದು ತಳ್ಕೊಂಡೇ ಹೋಗಣ ನರ್ಸಮ್ಮ” ಎಂದ. ಹುಲ್ಲು ದಾಟಲು ಐದು ನಿಮಿಷ ಹಿಡಿಯಿತು. ಮಧ್ಯಾಹ್ನದೊಳಗೆ ಅವನ ಮನೆಯಲ್ಲಿ ಹೆಣ್ಣು ಮಗು ಅತ್ತಿತು.

ಹಿಂದೆ ಕೂತವರು ನಿಧಾನ ಎಂದರೆ ಕೇಳಿ. ನೀವೇ ಹಿಂದೆ ಕೂತಿದ್ದರೆ ಬಾಯಿಬಿಟ್ಟು ಹೇಳಿ. ಮೊದಲ ಸಲವೇ ನಾನು ಹೇಳಿದ್ದರೆ ಆ ಗಂಡು ಮಗು ಉಳಿಯುತ್ತಿತ್ತೋ ಇಲ್ಲವೋ, ನನಗೆ ತಿಳಿಯದು. ಹೇಳಲಿಲ್ಲ ಎಂಬುದು ಮಾತ್ರ ತಿಳಿದಿದೆ.