ಇಲಿಯನ್ನು ಹಸು ಮಾಡಿದ ಜೋಯಿಸರು

ಮೊನ್ನೆ ಹಾಸನದ ಹೋಟೆಲೊಂದರಲ್ಲಿ ನೂಡಲ್ಸ್ ತಟ್ಟೆಯ ಕೆಳಗೆ ಹಾಸಿದ್ದ ಕಾಗದದ ಮೇಲೆ ಚೀನಾದವರ ಹನ್ನೆರಡು ಪ್ರಾಣಿಗಳಿದ್ದವು. ವರ್ಷಕ್ಕೊಂದು ಪ್ರಾಣಿಯಂತೆ, ಆ ವರ್ಷ ಹುಟ್ಟಿದವರಿಗೆ ಅದರ ಗುಣವಂತೆ. ಮೊಮ್ಮಗಳು ಲೆಕ್ಕ ಹಾಕಿ, "ಅಜ್ಜಿ, ನೀನು ಇಲಿ. ಇಲಿ ಅಂದ್ರೆ ಜಾಣೆ, ಚುರುಕು" ಎಂದಳು. ಮೊದಲ ಸ್ಥಾನವೂ ಇಲಿಗೇ. ಹುಡುಕಿ ನೋಡಿದೆ, ಬೆಕ್ಕು ಮಾತ್ರ ಇರಲಿಲ್ಲ. ಪುಣ್ಯವಂತರು ಚೀನಾದವರು, ಅಂದುಕೊಂಡೆ.

ನಮ್ಮಲ್ಲಿ ವರ್ಷದ ಲೆಕ್ಕವಲ್ಲ, ಹುಟ್ಟಿದ ನಕ್ಷತ್ರಕ್ಕೊಂದು ಪ್ರಾಣಿ. ಹೊಳೆನರಸೀಪುರದ ನಮ್ಮ ಹಿಂದಿನ ಬೀದಿಯ ಜೋಯಿಸರು ಜಾತಕ ಕೂಡಿಸುವಾಗ ಅದನ್ನೇ ಮೊದಲು ನೋಡುತ್ತಿದ್ದರು. ಹುಬ್ಬಾ ನಕ್ಷತ್ರದ ನಾನು ಇಲಿ. ಚನ್ನರಾಯಪಟ್ಟಣದಿಂದ ನನ್ನನ್ನು ನೋಡಲು ಬಂದಿದ್ದ ಮೇಷ್ಟ್ರು ಪುನರ್ವಸು, ಅಂದರೆ ಬೆಕ್ಕು. ಹಗೆ ಪ್ರಾಣಿಗಳು, ಕೂಡುವುದಿಲ್ಲ. ನನಗಾಗಲೇ ಇಪ್ಪತ್ತೆಂಟು, ಅಪ್ಪ ಇರಲಿಲ್ಲ. ಮೇಷ್ಟ್ರು ಒಪ್ಪಿದ್ದರು. ಈಗೇನು ನಾಚಿಕೆ, ನನಗೂ ಅವರು ಬೇಕೇ ಬೇಕಾಗಿತ್ತು.

ಅವ್ವನೂ ನಾನೂ ಜೋಯಿಸರ ಮನೆಗೆ ಹೋದೆವು. ಅವರು ಬಹಳ ಹೊತ್ತು ಪಂಚಾಂಗ ನೋಡಿದರು. ನನ್ನ ಮುಖವನ್ನೂ ನೋಡಿದರು...

"ಇವಳು ಹುಟ್ಟಿದ ಹೊತ್ತು ಹೇಗೆ ಗೊತ್ತಾಯ್ತಮ್ಮ?"

"ಅರಕಲಗೂಡು ಬಸ್ಸು ಓಯ್ತು, ಇವ್ಳು ಅತ್ಲು ಸ್ವಾಮಿ" ಎಂದಳು ಅವ್ವ.

"ಅವತ್ತು ಬಸ್ಸು ಅರ್ಧ ಗಂಟೆ ತಡವಾಗಿರಬೇಕು."

"ಇಲ್ಲ ಸ್ವಾಮಿ, ಆ ಬಸ್ಸು ಯಾವತ್ತೂ ತಡ ಆಗ್ತಿರ್ನಿಲ್ಲ."

ನಾನು ಅವ್ವನ ಸೆರಗು ಜಗ್ಗಿದೆ.

"ಜ್ಞಾಪಿಸಿಕೊಳ್ಳಮ್ಮ. ಒಂದು ದಿನ ಆಗಿದ್ದೀತು."

ಅವ್ವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಊಂ ಸ್ವಾಮಿ, ಅವತ್ತು ತಡ್ವಾಗೇ ಬಂತು" ಎಂದಳು.

ಆ ಅರ್ಧ ಗಂಟೆಯಲ್ಲಿ ನಕ್ಷತ್ರ ದಾಟಿ ನಾನು ಉತ್ತರೆಯಾದೆ, ಹಸುವಾದೆ. ಹಸುವಿಗೂ ಬೆಕ್ಕಿಗೂ ಯಾವ ತಂಟೆಯೂ ಇಲ್ಲ.

ಕಾಫಿ ತಂದಿದ್ದ ಜೋಯಿಸರ ಮಗಳು ಬಾಗಿಲಲ್ಲೇ ನಿಂತಿದ್ದಳು. ನನಗಿಂತ ಆರು ವರ್ಷ ದೊಡ್ಡವಳು, ಮದುವೆಯಾಗಿರಲಿಲ್ಲ. ಅವಳು ಆನೆ, ಅವಳು ಮೆಚ್ಚಿದವನು ಸಿಂಹ ಎಂದು ಜೋಯಿಸರೇ ಆ ಸಂಬಂಧ ಬೇಡವೆಂದಿದ್ದು ಬೀದಿಗೆಲ್ಲ ಗೊತ್ತಿತ್ತು. ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದಳು.

"ಅಪ್ಪ, ನನಗೂ ಒಂದು ಬಸ್ಸು ತಡವಾಗಬಾರ್ದಿತ್ತಾ?"

ಜೋಯಿಸರು ಜಾತಕ ಕೂಡುತ್ತದೆ ಎಂದು ಬರೆದು ಮುಗಿಸಿ, ಕಾಗದವನ್ನು ಅವ್ವನ ಕೈಗೆ ಕೊಟ್ಟರು. ಮಗಳ ಕಡೆ ನೋಡಲಿಲ್ಲ. ಅಂದಿನಿಂದ ಯಾರ ಜಾತಕವನ್ನೂ ಅವರು ಕೂಡಿಸಲಿಲ್ಲ. ಕೇಳಿ ಬಂದವರಿಗೆ ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದರಂತೆ...

ನನ್ನ ಸಂಸಾರ ಚೆನ್ನಾಗಿಯೇ ನಡೆಯಿತು. ಒಂದು ಸಲ ಹೋಗಿ ಜೋಯಿಸರ ಕಾಲಿಗೆ ಬೀಳಬೇಕಿತ್ತು. ಆದರೆ ಸುಖವಾಗಿದ್ದೇನೆ ಎಂದು ಆ ಮಗಳೆದುರು ಯಾವ ಬಾಯಲ್ಲಿ ಹೇಳಲಿ? ತವರಿಗೆ ಹೋದಾಗಲೆಲ್ಲ ಅವರ ಮನೆ ತಪ್ಪಿಸಿ, ಬಳಸು ದಾರಿಯಲ್ಲಿ ಹೋಗುತ್ತಿದ್ದೆ.

ಈಗ ಜೋಯಿಸರೂ ಇಲ್ಲ, ಆ ಮಗಳೂ ಇಲ್ಲ. ಆ ಬೀದಿಯಲ್ಲಿ ನೆಟ್ಟಗೆ ನಡೆದು ಹೋಗಬಹುದು. ಕಾಲು ಮಾತ್ರ ಇನ್ನೂ ಬರುವುದಿಲ್ಲ.